ಮೂರನೆಯ ಶಿರಸ್ತ್ರಾಣ

"ಉಸಿರು ಒಳಗೆ ಎಳ್ಕೊ," ಎಂದು ಕಿಂಗಾ ಬೋರಿಸ್‌ನ ಬೆನ್ನಿಗೆ ಮೊಣಕಾಲು ಕೊಟ್ಟು ಎದೆಗವಚದ ಚರ್ಮದ ಪಟ್ಟಿಯನ್ನು ಜಗ್ಗಿದಳು.

"ಎಳ್ಕೊಂಡೇ ಇದೀನಿ ಮಾರಾಯ್ತಿ. ಇನ್ನೂ ಎಳ್ಕೊಂಡ್ರೆ ಮೇಸ್ತ್ರಿ ಪಕ್ಕದಲ್ಲೇ ನಂಗೂ ಒಂದು ಗುಂಡಿ ತೋಡ್ಬೇಕಾಗುತ್ತೆ."

"ಇದನ್ನ ಯಾವಾಗ ಮಾಡಿಸ್ಕೊಂಡಿದ್ದು?"

"ಮದುವೆಗೆ ಮುಂಚೆ. ಆಮೇಲೆ ನಮ್ಮತ್ತೆ ಕೈಯಡುಗೆ ಶುರುವಾಯ್ತು."

ಚರ್ಚಿನ ಹಿಂದೆ ಕಾರು ನಿಲ್ಲಿಸುವ ಜಾಗದಲ್ಲಿ ಮಾರ್ಚ್ ತಿಂಗಳ ಹಿಮ ಕರಗಿ ಕೆಸರಾಗಿತ್ತು. ಇನ್ನೂ ಐದು ಜನ ಗಂಡಸರು ಕಾರುಗಳ ಹಿಂಬದಿಯಿಂದ ಕವಚಗಳನ್ನು ತೆಗೆದು ಒಬ್ಬರಿಗೊಬ್ಬರು ಕಟ್ಟಿಕೊಳ್ಳುತ್ತಿದ್ದರು. ಮೈಮೇಲೆ ಉಕ್ಕು ಇದ್ದರೆ ಇರಲಿ, ಆದರೆ ಕತ್ತಿ, ಶಿರಸ್ತ್ರಾಣಗಳು ಕಾರಿನಲ್ಲೇ ಇರಬೇಕು, ದೇವರ ಮುಂದೆ ತಲೆ ಬರಿದಾಗಿರಬೇಕು ಎಂದು ಪಾದ್ರಿಗಳು ಮೊದಲೇ ಹೇಳಿಕಳಿಸಿದ್ದರು. ಬೇಸಿಗೆ ಬಂದರೆ ಈ ಆರು ಜನವೂ ಆರು ನೂರು ವರ್ಷ ಹಿಂದಿನ ಯುದ್ಧಗಳನ್ನು ಹವ್ಯಾಸಕ್ಕೆಂದು ಮೈದಾನದಲ್ಲಿ ಮತ್ತೆ ಕಾದಾಡುವವರು. ಉಳಿದ ದಿನಗಳಲ್ಲಿ ಒಬ್ಬ ದಂತವೈದ್ಯ, ಇಬ್ಬರು ಲಾರಿಯವರು, ಒಬ್ಬ ಶಾಲಾಮಾಸ್ತರ, ಒಬ್ಬ ಅಂಚೆಯವ. ಬೋರಿಸ್ ಅವರ ಬಳಗದ ಮುಖಂಡ, ಊರಲ್ಲಿ ಬೇಕರಿ ಇಟ್ಟವನು. ಅವರೆಲ್ಲರ ಎದೆಗವಚಗಳನ್ನೂ ಬಡಿದುಕೊಟ್ಟ ಮೇಸ್ತ್ರಿ ವಿನ್ಸೆಂಟಿ ಈಗ ಚರ್ಚಿನ ಒಳಗೆ ಪೆಟ್ಟಿಗೆಯಲ್ಲಿ ಮಲಗಿದ್ದರು.

ಪಟ್ಟಿ ಕೊನೆಗೂ ಕೊಕ್ಕೆಗೆ ಸಿಕ್ಕಿತು. ಕಿಂಗಾಳ ಕೈ ಬೋರಿಸ್‌ನ ಎಡಗಂಕುಳಿನ ಕೆಳಗೆ, ಕವಚದ ಅಂಚಿನ ಮೇಲೆ ತಡೆಯಿತು. ಅಲ್ಲಿ ಹೆಬ್ಬೆರಳಷ್ಟಗಲ ಉಕ್ಕು ತೆಳ್ಳಗಾಗಿತ್ತು, ಸುತ್ತಲಿನದಕ್ಕಿಂತ ಬೆಳ್ಳಗಿತ್ತು. ಆರು ಕವಚಗಳಲ್ಲೂ ಅದೇ ಜಾಗದಲ್ಲಿ ಅದೇ ಕಲೆ. ಹಿಂದೆ ಅಲ್ಲೊಂದು ಗುಬ್ಬಿ ಇತ್ತು. ಮೇಸ್ತ್ರಿಯ ಗುರುತು. ಹನ್ನೊಂದು ವರ್ಷದ ಹಿಂದೆ, ಗುಬ್ಬಿ ಇರುವ ಯಾವ ಸಾಮಾನನ್ನೂ ಮೈದಾನದೊಳಗೆ ಬಿಡುವುದಿಲ್ಲವೆಂದು ತಪಾಸಣೆಯವರು ಹೇಳಿದಾಗ, ಚೆನ್ನಾಗಿರುವ ಕವಚವನ್ನು ಎಸೆಯಲು ಯಾರಿಗೂ ಮನಸ್ಸು ಬರಲಿಲ್ಲ. ಬೋರಿಸ್ ಗ್ರೈಂಡರ್ ತಂದು ಬಳಗದ ಎಲ್ಲ ಸಾಮಾನುಗಳ ಮೇಲಿದ್ದ ಹದಿನಾಲ್ಕು ಗುಬ್ಬಿಗಳನ್ನು ಒಂದೇ ಸಂಜೆಗೆ ಅಳಿಸಿಹಾಕಿದ.

ಗುಬ್ಬಿಗಳು ಹಾರಿಹೋದದ್ದು ಕಿಂಗಾ ಆಡಿದ ಒಂದೇ ಒಂದು ಮಾತಿನಿಂದ. ಅದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಮೊನ್ನೆ ತೀರಿಕೊಂಡರು.

"ಕಿಂಗಾ, ಇಲ್ಲಿ ಬಾರಮ್ಮ."

ಕರೆದದ್ದು ಮೇಸ್ತ್ರಿಯ ಹೆಂಡತಿ ಸ್ಟೆಫಾನಿಯಾ. ಕಪ್ಪು ಕೋಟಿನ ಗುಂಡಿಗಳನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡಿದ್ದರು. ಕಿಂಗಾ ಅವನ್ನು ಬಿಚ್ಚಿ ಸರಿಮಾಡತೊಡಗಿದಳು.

"ಗೋರಿ ಮೇಲಿಡೋ ಶಿಲುಬೆ ಅವರೇ ಮಾಡಿಟ್ಟಿದ್ರು, ಕಬ್ಬಿಣದ್ದು. ಎರಡು ವರ್ಷದಿಂದ ಕೊಟ್ಟಿಗೆಯಲ್ಲಿ ಇತ್ತು. 'ಇದ್ಯಾರಿಗೆ' ಅಂತ ಕೇಳಿದ್ರೆ 'ಗಿರಾಕಿ ಒಬ್ಬ ಇದಾನೆ, ಆತುರ ಇಲ್ಲ' ಅಂದ್ರು," ಎಂದರು ಸ್ಟೆಫಾನಿಯಾ. "ಅದಕ್ಕೆ ಗುಬ್ಬಿ ಒತ್ತಿಲ್ಲ. ಅಚ್ಚು ನನ್ನ ಹತ್ರ ಇದೆ. ನೀನು ಒತ್ತಿಕೊಡ್ತೀಯಾ? ಬೋರಿಸ್‌ನ ಕೇಳಿದೆ, ಬಳಗದವರನ್ನ ಒಂದು ಮಾತು ಕೇಳ್ತೀನಿ ಅಂದ. ಸತ್ತೋರ ಶಿಲುಬೆಗೂ ತಪಾಸಣೆ ಇದೆಯೇನಪ್ಪ?"

ಬೋರಿಸ್ ಕೆಂಪಗಾದ. ಊರಿನವರಂತೆ ಅವನೂ ಅವರನ್ನು 'ಪಾನಿ', ಅಂದರೆ ಅಮ್ಮಾವರು, ಎನ್ನುತ್ತಿದ್ದ. "ಹಾಗಲ್ಲ ಪಾನಿ ಸ್ಟೆಫಾನಿಯಾ. ಇವತ್ತು ಝೆಮೋವಿತ್ ಬರ್ತಿದಾನಂತೆ. ಅವನ ಕಣ್ಣೆದುರಿಗೆ..." ಎಂದವನು ತಾನಾಡಿದ ಪದ ಕೇಳಿ ನಾಲಿಗೆ ಕಚ್ಚಿಕೊಂಡ.

ಝೆಮೋವಿತ್ ಹನ್ನೊಂದು ವರ್ಷದ ಹಿಂದೆ ಗುಬ್ಬಿ ಗುರುತಿನ ಶಿರಸ್ತ್ರಾಣ ಹಾಕಿಕೊಂಡು ಎಡಗಣ್ಣು ಕಳೆದುಕೊಂಡವನು. ಆಮೇಲೆ ಕತ್ತಿ ಹಿಡಿಯಲಿಲ್ಲ. ಮೈದಾನದ ಬಾಗಿಲಲ್ಲಿ ಮೇಜು ಹಾಕಿಕೊಂಡು ಎಲ್ಲರ ಸಾಮಾನು ತಪಾಸಣೆ ಮಾಡುವ ಕೆಲಸ ಹಿಡಿದ. ಅವನು ತಲೆಯಾಡಿಸಿದರೆ ಒಳಗೆ, ಇಲ್ಲದಿದ್ದರೆ ಮನೆಗೆ.

ಅವನ ಕಾರು ಬಂದು ನಿಂತಿತು. ಝೆಮೋವಿತ್ ಇಳಿದ. ಗಾಜಿನ ಕಣ್ಣು ಎಲ್ಲರ ಆಚೆ ಎಲ್ಲೋ ನೋಡುತ್ತಿತ್ತು. ನೇರ ಸ್ಟೆಫಾನಿಯಾರ ಬಳಿಗೆ ಹೋಗಿ ಟೊಪ್ಪಿ ತೆಗೆದು ಅವರ ಕೈಗೆ ಮುತ್ತಿಟ್ಟ.

"ಸಾವಿಗೆ ಬಂದಿದೀನಿ, ಬೇರೇನಿಲ್ಲ. ಹೆಗಲು ಕೊಡೋಕೆ ಜನ ಸಾಕಾ?"

"ಸಾಕು," ಎಂದ ಬೋರಿಸ್.

"ನಿನ್ನ ಪಟ್ಟಿ ನೋಡಿದ್ರೆ ನೀನು ಪೆಟ್ಟಿಗೆ ಎತ್ತುವಾಗ ಕಿತ್ಕೊಂಡು ಹೋಗುತ್ತೆ ಅನ್ಸುತ್ತೆ," ಎಂದ ಝೆಮೋವಿತ್. ಅಂಚೆಯವ ನಕ್ಕ. ಆಮೇಲೆ ಎಲ್ಲರೂ ಒಳಗೆ ಹೋದರು.

*

ಕಿಂಗಾ ಮೇಸ್ತ್ರಿಯ ಕುಲುಮೆಗೆ ಬಂದಾಗ ಅವಳಿಗೆ ಹತ್ತೊಂಬತ್ತು. ಅಪ್ಪನ ಜತೆ ಕೊಡಲಿ ಸಾಣೆ ಹಿಡಿಸಲು ಬಂದವಳು ವಾಪಸು ಹೋಗಲಿಲ್ಲ. ಮೊದಲ ಇಡೀ ವರ್ಷ ಅವಳ ಕೆಲಸ ತಗಡು ಉಜ್ಜುವುದು. ಎರಡನೆಯ ವರ್ಷ ಮೇಸ್ತ್ರಿ ಸುತ್ತಿಗೆ ಕೊಟ್ಟರು. ಮೂರನೆಯ ವರ್ಷ ಒಲೆ ಕೊಟ್ಟರು.

"ಬಡಿಯೋದು ಕೈಗೆ ಬಿಟ್ಟಿದ್ದು. ಹದ ಕೊಡೋದು ಮನಸ್ಸಿಗೆ ಬಿಟ್ಟಿದ್ದು," ಎನ್ನುತ್ತಿದ್ದರು.

ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದ ಉಕ್ಕು ಗಡುಸಾಗುತ್ತದೆ, ಆದರೆ ಗಾಜಿನ ಗಡುಸು ಅದು. ಕೈ ಜಾರಿ ಬಿದ್ದರೂ ಬಿರುಕು ಬಿಟ್ಟೀತು. ಅದನ್ನು ಮತ್ತೆ ಒಲೆಗಿಟ್ಟು ಮೆಲ್ಲಗೆ ಕಾಯಿಸಬೇಕು. ಅದೇ ಹದ. ಮಸಿಯನ್ನು ಉಜ್ಜಿ ಬೆಳ್ಳಗೆ ಮಾಡಿದ ಜಾಗದಲ್ಲಿ ಮೊದಲು ಒಣಹುಲ್ಲಿನ ಬಣ್ಣ ಏಳುತ್ತದೆ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ನೀಲಿ ಬಂದ ಉಕ್ಕು ಏಟು ತಿಂದರೆ ತಗ್ಗಾಗುತ್ತದೆ, ಒಡೆಯುವುದಿಲ್ಲ. ಆಮೇಲೆ ಅದನ್ನು ಹೊಳಪಿಗೆ ತಿಕ್ಕುತ್ತಾರೆ. ತಿಕ್ಕಿದ ಮೇಲೆ ಆ ನೀಲಿಯೂ ಹೋಗುತ್ತದೆ. ಹದ ಕಂಡದ್ದೂ ಕಾಣದ್ದೂ ಆಗ ಒಂದೇ ಬಣ್ಣ.

ಹನ್ನೊಂದು ವರ್ಷದ ಹಿಂದಿನ ಆ ಜೂನಿನಲ್ಲಿ ಮೈದಾನದ ಕಾಳಗದ ಹಬ್ಬಕ್ಕೆ ಮೂರು ಶಿರಸ್ತ್ರಾಣ ಕೊಡಬೇಕಿತ್ತು. ಮೂರನ್ನೂ ಎಣ್ಣೆಗೆ ಅದ್ದಿ ಆಗಿತ್ತು. ಒಲೆಯಲ್ಲಿ ಎರಡಕ್ಕೆ ಮಾತ್ರ ಜಾಗ. ಮೇಸ್ತ್ರಿಗೆ ಹಲ್ಲುನೋವು, ಹಲ್ಲು ತೋರಿಸಲು ಪೇಟೆಗೆ, ಓಲ್‌ಶ್ಟಿನ್‌ಗೆ ಹೋಗಿದ್ದರು. ಕುಲುಮೆಯೊಳಗೆ ಸೆಕೆ ಹೇಳತೀರದು. ಕಿಂಗಾ ಎರಡನ್ನು ಒಲೆಗಿಟ್ಟು, ನೀಲಿ ಬರುವ ತನಕ ಕಾದು, ಹೊರಗೆ ತೆಗೆದಳು. ಮೂರನೆಯದು ಹಲಗೆಯ ಮೇಲೆ ಕಾಯುತ್ತಿತ್ತು. ಅಷ್ಟರಲ್ಲಿ ಕೆರೆಯ ಕಡೆಯಿಂದ ಗೆಳತಿಯರು ಬಂದು ಕಿಟಕಿ ಬಡಿದರು. ಈಜಲು ಹೋದಳು. ಒದ್ದೆ ಕೂದಲಿನಲ್ಲಿ ವಾಪಸು ಬಂದಾಗ ಮೂರೂ ಹಲಗೆಯ ಮೇಲೆ ಸಾಲಾಗಿ ಕೂತಿದ್ದವು, ಮೂರಕ್ಕೂ ಒಂದೇ ಮಸಿ. ನೀಲಿ ಕಲೆ ಹುಡುಕಿ ನೋಡದೆ ಅವಳು ತಿಕ್ಕಲು ಕೂತಳು. ಮೂರನ್ನೂ ತಿಕ್ಕಿದ್ದು ಅವಳಿಗೆ ನೆನಪಿದೆ. ಮೂರನೆಯದನ್ನು ಒಲೆಗಿಟ್ಟದ್ದು ನೆನಪಿಲ್ಲ. ಎಷ್ಟು ಸಲ ಹುಡುಕಿದರೂ ಆ ಜಾಗದಲ್ಲಿ ಕೆರೆಯ ನೀರಷ್ಟೇ ಸಿಗುತ್ತದೆ.

ಮರುದಿನ ಬೆಳಿಗ್ಗೆ ಗಿರಾಕಿಗಳು ಬಾಗಿಲಲ್ಲಿ ನಿಂತಿದ್ದರು. ಮೇಸ್ತ್ರಿ ಬಾತ ಕೆನ್ನೆಗೆ ಕರವಸ್ತ್ರ ಕಟ್ಟಿಕೊಂಡು ಗುಬ್ಬಿಯ ಅಚ್ಚು ಕೈಗೆತ್ತಿಕೊಂಡರು.

"ನೀಲಿ ಬಂತಾ?"

ಕಿಂಗಾ ಸಾಲಾಗಿದ್ದ ಮೂರನ್ನೂ ನೋಡಿದಳು. ಇನ್ನೊಮ್ಮೆ ಒಲೆ ಹಚ್ಚಬೇಕೆಂದರೆ ಅರ್ಧ ದಿನ, ಗಿರಾಕಿಗಳ ಎದುರಿಗೆ ಬೈಗುಳ, ಕೆರೆಗೆ ಹೋದದ್ದನ್ನು ಬೇರೆ ಹೇಳಬೇಕು.

"ಬಂತು, ಮೇಸ್ತ್ರಿ."

ಮೇಸ್ತ್ರಿ ಮೂರಕ್ಕೂ ಗುಬ್ಬಿ ಒತ್ತಿದರು.

*

ಪೆಟ್ಟಿಗೆ ಎತ್ತಿದಾಗ ಬೋರಿಸ್‌ನ ಪಟ್ಟಿ ಕಿತ್ತುಕೊಳ್ಳಲಿಲ್ಲ. ಸ್ಮಶಾನದ ಏರಿನಲ್ಲಿ ಆರು ಜನರ ಕಬ್ಬಿಣದ ಬೂಟುಗಳು ಕೆಸರಿನಲ್ಲಿ ಹೂತು ಕಿತ್ತು ಸದ್ದು ಮಾಡುತ್ತಿದ್ದವು. ಮೇಸ್ತ್ರಿ ಹಗುರವಾಗಿದ್ದರು. ಕೊನೆಯ ಚಳಿಗಾಲದಲ್ಲಿ ಅವರು ಸ್ವೆಟರಿನೊಳಗೆ ಕಳೆದುಹೋದಂತೆ ಕಾಣುತ್ತಿದ್ದುದನ್ನು ಕಿಂಗಾ ನೆನೆದಳು. ಕ್ರಿಸ್‌ಮಸ್‌ಗೆ ಹೋದಾಗ ಅವರು ಹಾಸಿಗೆಯಲ್ಲಿ ಎದ್ದು ಕೂತು ಅವಳ ಅಂಗೈ ತಿರುಗಿಸಿ ಗುಳ್ಳೆಗಳನ್ನು ಎಣಿಸಿದ್ದರು. "ಕೆಲಸ ಇದೆ ಅಂತಾಯ್ತು. ಒಳ್ಳೇದು," ಎಂದಿದ್ದರು. ಆವತ್ತಾದರೂ ಹೇಳಬೇಕೆಂದು ಕೂತವಳು ಚಹಾ ಕುಡಿದು ಎದ್ದುಬಂದಿದ್ದಳು.

ಏನಿತ್ತು ಹೇಳುವುದಕ್ಕೆ? ಅವರಿಗೆ ಗೊತ್ತಿತ್ತು. ಅವಳ ಬಾಯಿಂದ ಕೇಳಿರಲಿಲ್ಲ, ಅಷ್ಟೆ.

ಪಾದ್ರಿಗಳ ಪ್ರಾರ್ಥನೆ ಮುಗಿದ ಮೇಲೆ ಜನ ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಮಣ್ಣಿನಲ್ಲಿ ಇನ್ನೂ ಹಿಮದ ಹರಳಿತ್ತು, ಮುಚ್ಚಳದ ಮೇಲೆ ಬಟಾಣಿ ಬಿದ್ದಂತೆ ಕೇಳಿಸಿತು. ಝೆಮೋವಿತ್ ಮಣ್ಣು ಹಾಕಿ ಸ್ವಲ್ಪ ಹೊತ್ತು ಅಲ್ಲೇ ನಿಂತ. ಆಮೇಲೆ ಕಿಂಗಾಳ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ:

"ನಿನ್ನ ಬಗ್ಗೆ ಅವರಿಗೆ ಹೆಮ್ಮೆ ಇದ್ದಿರಬೇಕು. ಈಗ ಮೈದಾನದಲ್ಲಿ ನಿನ್ನ ಹೆಲ್ಮೆಟ್ಟು ಬಂದ್ರೆ ನಾನು ಹೆಚ್ಚು ಹೊತ್ತು ನೋಡೋದೇ ಇಲ್ಲ, ಗೊತ್ತಾ? ನಿನ್ನ ಗುರುತು ನೋಡಿದ್ರೆ ಒಳಗೆ ಕಳಿಸ್ತೀನಿ."

ಕಿಂಗಾ ಮಣ್ಣು ಹಾಕಲು ಬಗ್ಗಿದವಳು ಮುಷ್ಟಿ ಬಿಚ್ಚುವುದನ್ನು ಮರೆತು ಹಾಗೇ ನಿಂತಳು. ಹಿಂದಿನವರು ಕಾಯುತ್ತಿದ್ದರು. ಸ್ಟೆಫಾನಿಯಾ ಬಂದು ಅವಳ ಬೆರಳುಗಳನ್ನು ಬಿಡಿಸಿದರು.

*

ಝೆಮೋವಿತ್‌ಗೆ ಏಟು ಬಿದ್ದದ್ದು ಆ ಜೂನಿನ ಹಬ್ಬದ ಎರಡನೆಯ ದಿನ, ಮಧ್ಯಾಹ್ನ. ದೊಡ್ಡದೇನೂ ಅಲ್ಲ, ಅಂಥ ಏಟು ಒಂದೊಂದು ಕಾಳಗದಲ್ಲಿ ನೂರು ಬೀಳುತ್ತವೆ. ಶಿರಸ್ತ್ರಾಣದ ಮುಖಮುಚ್ಚಳ ತಗ್ಗಾಗಬೇಕಿತ್ತು, ಪಿಂಗಾಣಿ ಬಟ್ಟಲಿನಂತೆ ಸಿಡಿಯಿತು. ಚೂರೊಂದು ಒಳಗೆ ಹೋಯಿತು.

ಎರಡು ವಾರ ಬಿಟ್ಟು ಬಳಗಗಳ ಸಭೆ ಸೇರಿತು. ಒಡೆದ ತುಂಡುಗಳನ್ನು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಇಟ್ಟಿದ್ದರು. ಕಿಂಗಾ ಬಾಗಿಲ ಬಳಿ ನಿಂತಿದ್ದಳು. ತುಂಡಿನ ಅಂಚನ್ನು ದೂರದಿಂದ ನೋಡಿದರೂ ಸಾಕಿತ್ತು. ಮುರಿದ ಸಕ್ಕರೆ ಅಚ್ಚಿನಂತೆ ಹರಳುಹರಳಾಗಿ ಹೊಳೆಯುತ್ತಿತ್ತು.

"ಇದಕ್ಕೆ ಹದ ಕೊಟ್ಟೋರು ಯಾರು?" ಎಂದು ಯಾರೋ ಕೇಳಿದರು.

ಕಿಂಗಾ ಬಾಯಿ ತೆರೆದಳು. ತೆರೆದದ್ದು ನಿಜ. ಅದನ್ನು ಅವಳು ಆಮೇಲೆ ಬಹಳ ಸಲ ತನಗೆ ತಾನೇ ಹೇಳಿಕೊಂಡಿದ್ದಾಳೆ.

"ನಾನೇ," ಎಂದರು ಮೇಸ್ತ್ರಿ. "ಹಲ್ಲುನೋವಿತ್ತು. ಗಮನ ತಪ್ಪಿತು."

ಅವಳ ಕಡೆ ತಿರುಗಲೂ ಇಲ್ಲ. ವಾಪಸು ಬರುವಾಗ ವ್ಯಾನಿನಲ್ಲಿ ಆಲೂಗಡ್ಡೆ ಬೆಲೆಯ ಮಾತಾಡಿದರು. ಶರತ್ಕಾಲಕ್ಕೆ ಅವಳನ್ನು ಕರೆದು, "ನಿಂಗೆ ನಿನ್ನದೇ ಒಂದು ಗುರುತು ಬೇಕು. ಇನ್ಮೇಲೆ ಗುಬ್ಬಿ ಕಟ್ಕೊಂಡು ನೀನು ಉದ್ಧಾರ ಆಗಲ್ಲ," ಎಂದು ಅರ್ಧ ಸಲಕರಣೆಗಳನ್ನು ಅವಳ ಹೊಸ ಕುಲುಮೆಗೆ ಹೊತ್ತುಹಾಕಿದರು. ಆಮೇಲೆ ಹನ್ನೊಂದು ವರ್ಷ ಅವರು ಗೇಟು, ಕಿಟಕಿ ಸರಳು, ಗೋರಿಗಳ ಮೇಲೆ ಇಡುವ ದೀಪದ ಗೂಡು ಮಾಡಿದರು.

*

ಮಣ್ಣು ಮುಗಿದ ಮೇಲಿನ ಊಟ ಊರಿನ ಅಗ್ನಿಶಾಮಕದವರ ಹಾಲ್‌ನಲ್ಲಿತ್ತು. ಒಂದು ಬದಿಯಲ್ಲಿ ಕೆಂಪು ಲಾರಿ, ಗೋಡೆಗೆ ಸಲಕರಣೆಗಳು, ಇನ್ನೊಂದು ಬದಿಯಲ್ಲಿ ಉದ್ದ ಮೇಜುಗಳು. ಆರು ಜನ ಕವಚ ಬಿಚ್ಚಿಟ್ಟು ಬೆವರಿನ ಅಂಗಿಯಲ್ಲೇ ಕೂತರು. ಶಾವಿಗೆ ಹಾಕಿದ ಕೋಳಿಸಾರು ಬಂತು. ಬೋರಿಸ್ ಎದ್ದು ವೋಡ್ಕಾದ ಲೋಟ ಎತ್ತಿದ. ಸಾವಿನ ಮನೆಯ ಲೋಟ, ಯಾರದ್ದಕ್ಕೂ ತಾಗಿಸದೆ ಎಲ್ಲರೂ ಕುಡಿದರು.

"ನಾನೊಂದು ಹೇಳ್ಬೇಕು," ಎಂದ ಝೆಮೋವಿತ್, ಕೂತಲ್ಲೇ. "ಪ್ರತಿ ಕ್ರಿಸ್‌ಮಸ್‌ಗೆ ಅವರು ಹಾಸಿಗೆ ಹಿಡಿಯೋ ತನಕ ನಮ್ಮನೆ ಬಾಗಿಲಿಗೆ ಬರ್ತಿದ್ರು. ಒಂದು ಜಾಡಿ ಜೇನಿಟ್ಟು ಹೋಗ್ತಿದ್ರು. ನಾನು ಕಿಟಕಿಯಿಂದ ನೋಡ್ತಿದ್ದೆ. ಒಂದು ಸಲವೂ ಒಳಗೆ ಬನ್ನಿ ಅನ್ಲಿಲ್ಲ. ತಪ್ಪು ಮಾಡಿದೋರು, ಚಳೀಲಿ ನಡೀಲಿ ಅಂತ." ಚಮಚದಿಂದ ಸಾರು ಕಲಕಿದ. "ಜೇನು ಮಾತ್ರ ತಿಂದೆ."

"ತಿಂದ್ರಲ್ಲ, ಅಷ್ಟಾದರೂ," ಎಂದರು ಸ್ಟೆಫಾನಿಯಾ. "ಹಾಗಾದ್ರೆ ನಿಮ್ಮನ್ನೇ ಕೇಳ್ತೀನಿ. ಬೋರಿಸ್ ಇವತ್ತೆಲ್ಲ ನನ್ನಿಂದ ತಪ್ಪಿಸ್ಕೊಂಡು ಓಡಾಡ್ತಿದಾನೆ. ಅವರ ಶಿಲುಬೆಗೆ ಅವರ ಗುಬ್ಬಿ ಒತ್ತಬಹುದಾ?"

ಮೇಜಿನ ಸುತ್ತ ಚಮಚಗಳು ನಿಂತವು. ಝೆಮೋವಿತ್ ತನ್ನ ಚಮಚವನ್ನು ತಟ್ಟೆಯ ಅಂಚಿಗಿಟ್ಟ.

"ಬೇಡ ಅನ್ನೋಕೆ ಮನಸ್ಸು ಬರಲ್ಲ ಪಾನಿ. ಹೂಂ ಅನ್ನೋಕೆ ಬಾಯಿ ಬರ್ತಿಲ್ಲ. ದಿನಾ ಬೆಳಿಗ್ಗೆ ಮುಖ ತೊಳೆಯೋವಾಗ ಆ ಗುಬ್ಬಿ ನೆನಪಾಗುತ್ತೆ ನಂಗೆ."

"ಅದು ಅವರ ತಪ್ಪಲ್ಲ," ಎಂದಳು ಕಿಂಗಾ.

ದನಿ ಅಷ್ಟು ಸಣ್ಣಗಿತ್ತೆಂದರೆ ಪಕ್ಕದ ಅಂಚೆಯವ ಉಪ್ಪು ಕೇಳಿದಳೆಂದು ಉಪ್ಪಿನ ಬಟ್ಟಲು ಮುಂದೆ ತಳ್ಳಿದ.

"ಆ ಹೆಲ್ಮೆಟ್ಟಿಗೆ ಹದ ಕೊಡಬೇಕಾಗಿದ್ದೋಳು ನಾನು. ಮೇಸ್ತ್ರಿ ಆವತ್ತು ಊರಲ್ಲೇ ಇರ್ಲಿಲ್ಲ. ಎರಡಕ್ಕೆ ಕೊಟ್ಟೆ, ಮೂರನೇದನ್ನ ಬಿಟ್ಟು ಕೆರೆಗೆ ಹೋದೆ. ಬೆಳಿಗ್ಗೆ ಅವರು 'ನೀಲಿ ಬಂತಾ' ಅಂತ ಕೇಳಿದ್ರು. ಬಂತು ಅಂದೆ."

"ಕಿಂಗಾ, ದುಃಖದಲ್ಲಿ ಏನೇನೋ ಮಾತಾಡಬೇಡ," ಎಂದ ಬೋರಿಸ್. "ಸಭೇಲಿ ಅವರೇ ಒಪ್ಕೊಂಡಿದ್ರಲ್ಲ."

"ಒಪ್ಕೊಂಡ್ರು. ನಾನು ಅಲ್ಲೇ ನಿಂತಿದ್ದೆ."

ಬೋರಿಸ್ ತನ್ನ ಕೈಗಳನ್ನು ನೋಡಿಕೊಂಡ. "ಹದಿನಾಲ್ಕು ಉಜ್ಜಿಹಾಕಿದೆನಲ್ಲೋ ನಾನು," ಎಂದ, ಯಾರಿಗೆಂದಿಲ್ಲದೆ.

ಸ್ಟೆಫಾನಿಯಾ ಎಲ್ಲರಿಗೂ ಸಾರು ಬಡಿಸುತ್ತಿದ್ದ ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿ ಕೂತರು. ಅಳಲಿಲ್ಲ.

"ಹನ್ನೊಂದು ವರ್ಷ," ಎಂದರು. "ನಂಗೂ ಹೇಳ್ಲಿಲ್ಲ ಅವರು. ಸಾರಿಗೆ ಉಪ್ಪು ಕಮ್ಮಿ ಅಂದ್ರೆ ಸಾಕು, 'ನಿಮ್ಮ ಹದ ಊರಿಗೇ ಗೊತ್ತಿದೆ, ತೆಪ್ಪಗೆ ತಿನ್ನಿ' ಅಂತಿದ್ದೆ. ಎಲ್ಲರೆದುರಿಗೂ ಅಂತಿದ್ದೆ. ನಗ್ತಿದ್ರು." ಮೇಜಿನ ಮೇಲಿನ ಬ್ರೆಡ್ಡಿನ ಪುಡಿ ಒರೆಸಿ, "ನಾನೇನೋ ತಮಾಷೆ ಅಂದ್ಕೊಂಡಿದ್ದೆ," ಎಂದರು.

"ಪಾನಿ ಸ್ಟೆಫಾನಿಯಾ..."

"ಗುಬ್ಬಿ ಬೋರಿಸ್ ಒತ್ತಲಿ. ನೀನು ಮುಟ್ಟಬೇಡ."

ಕಿಂಗಾ ತಲೆಯಾಡಿಸಿದಳು. ಎದ್ದು ಹೋಗಬೇಕೆನಿಸಿತು, ಎದ್ದರೆ ಓಡಿದಂತಾಗುತ್ತದೆಂದು ಕೂತೇ ಇದ್ದಳು. ಸಾರಿನ ಮೇಲೆ ಜಿಡ್ಡು ಹೆಪ್ಪುಗಟ್ಟುತ್ತಿತ್ತು. ಝೆಮೋವಿತ್ ಬೈದರೆ ಬೈಸಿಕೊಳ್ಳಲು, ಹೊಡೆದರೆ ಹೊಡೆಸಿಕೊಳ್ಳಲು ಸಿದ್ಧಳಾಗಿ ಅವನ ಮುಖ ನೋಡಿದಳು. ಅವನು ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸುತ್ತಿದ್ದ.

"ಈ ಬೇಸಿಗೆಗೆ ನಿನ್ನ ಹೆಲ್ಮೆಟ್ಟು ಎಷ್ಟು ಬರ್ತಿವೆ ಮೈದಾನಕ್ಕೆ?" ಎಂದು ಕೇಳಿದ.

"ಮೂವತ್ತೊಂದು."

"ಇಲ್ಲಿ ಎಷ್ಟಿವೆ?"

ಶಾಲಾಮಾಸ್ತರ, "ನಮ್ಮೆಲ್ಲರದೂ ಅವಳದ್ದೇ. ಆರು. ಕಾರಲ್ಲಿವೆ," ಎಂದ.

ಝೆಮೋವಿತ್ ಎದ್ದ. ಗೋಡೆಯ ಸಲಕರಣೆಗಳ ಮುಂದೆ ನಿಂತು, ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ಹುಡುಕಿ, ಉಕ್ಕು ಉಜ್ಜುವ, ಮರದ ಹಿಡಿಯ ಒಂದು ಅರ ತೆಗೆದುಕೊಂಡ. ಬಾಗಿಲು ದೂಡಿ ಹೊರಗೆ ಹೋದ. ಗಂಡಸರು ಒಬ್ಬರನ್ನೊಬ್ಬರು ನೋಡಿದರು. ದಂತವೈದ್ಯ ಮೊದಲು ಎದ್ದ, ಬಾಯಿ ಒರೆಸಿಕೊಂಡು, ಕಾರಿನ ಕೀಲಿ ಹುಡುಕುತ್ತ. ಅವನ ಹಿಂದೆ ಉಳಿದವರು.

ಹದ ಕಂಡ ಉಕ್ಕನ್ನು ಅರ ಕಚ್ಚುತ್ತದೆ. ಕಾಣದ್ದರ ಮೇಲೆ ಜಾರುತ್ತದೆ, ಗಾಜಿನ ಮೇಲೆ ಉಗುರು ಜಾರಿದಂತೆ. ಅಂಚಿನಲ್ಲಿ ನಾಲ್ಕು ಸಲ ಎಳೆದರೆ ಗೊತ್ತಾಗುತ್ತದೆ. ಆ ಬೆಳಿಗ್ಗೆ ಮೇಸ್ತ್ರಿ ಅರ ಕೈಗೆತ್ತಿಕೊಂಡಿರಲಿಲ್ಲ. ಅವಳನ್ನು ಕೇಳಿದ್ದರು.

ಕಿಂಗಾ ಹೊರಗೆ ಬಂದಾಗ ಆರು ಶಿರಸ್ತ್ರಾಣಗಳು ಅಂಗಳದ ಬೆಂಚಿನ ಮೇಲೆ ಸಾಲಾಗಿದ್ದವು. ಝೆಮೋವಿತ್ ಮೊದಲನೆಯದನ್ನು ಬೆಂಚಿಗೆ ಒತ್ತಿಹಿಡಿಯಲು ನೋಡುತ್ತಿದ್ದ. ಅದು ಗುಂಡಗೆ, ಒದ್ದೆ ಹಲಗೆಯ ಮೇಲೆ ಜಾರುತ್ತಿತ್ತು. ಒಂದು ಕಣ್ಣಿನವನಿಗೆ ದೂರದ ಅಂದಾಜು ಸಿಗುತ್ತಿರಲಿಲ್ಲ, ಅರ ಅಂಚಿನ ಪಕ್ಕದ ಗಾಳಿಯಲ್ಲಿ ಹೋಗಿ ಬಂತು. ಯಾರೂ ನೆರವಿಗೆ ಹೋಗಲಿಲ್ಲ. ನೆರವಾದರೆ ಯಾರ ಕಡೆಯವರಾದಂತೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಕಿಂಗಾ ಬೆಂಚಿನ ಮೇಲೆ ಕೂತು ಶಿರಸ್ತ್ರಾಣವನ್ನು ತೊಡೆಯ ಮೇಲಿಟ್ಟುಕೊಂಡಳು. ಎರಡೂ ತೋಳುಗಳಿಂದ ಹೊಟ್ಟೆಗೆ ಅವುಚಿ, ಅಂಚನ್ನು ಅವನ ಕಡೆಗೆ ತಿರುಗಿಸಿದಳು. ಅವನ ಕೈ ಹಿಡಿದು ಅರವನ್ನು ಅಂಚಿನ ಮೇಲೆ ಇಟ್ಟುಕೊಟ್ಟಳು. ಅವನು ಎಳೆದ. ಇನ್ನೊಮ್ಮೆ ಎಳೆದ. ಒರಟು ಸದ್ದು ಅವಳ ಪಕ್ಕೆಲುಬುಗಳವರೆಗೆ ಬಂತು. ಕಪ್ಪು ಲಂಗದ ಮೇಲೆ ಉಕ್ಕಿನ ಪುಡಿ ಸಣ್ಣಗೆ ಉದುರತೊಡಗಿತು.

ಅವನು ಬೆರಳಿಂದ ಅಂಚನ್ನು ಸವರಿ ನೋಡಿ ಅದನ್ನು ಪಕ್ಕಕ್ಕಿಟ್ಟ.

"ಇನ್ನೊಂದು ಕೊಡು," ಎಂದ.